ಐದು ಬಾಟಲಿ, ಒಂದು ಬಟ್ಟೆಗಂಟು

ಐದು ಬಾಟಲಿಗಳಿಗೆ ನನ್ನವಳು ಹಳೆಯ ಪತ್ರಿಕೆ ಸುತ್ತಿ, ಕತ್ತಿಗೆ ರಬ್ಬರ್ ಬ್ಯಾಂಡ್ ಬಿಗಿದು, ಒಂದರಿಂದ ಐದರವರೆಗೆ ನಂಬರು ಬರೆದು ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಳು. ಯಾವ ಕಾಗದದೊಳಗೆ ಯಾವುದಿದೆ ಎನ್ನುವುದು ಅವಳಿಗೆ ಮಾತ್ರ ಗೊತ್ತು. ಫಿಂಟಾಸಿನ ನಮ್ಮ ನಾಲ್ಕನೇ ಮಹಡಿಯ ಮನೆಯಿಂದ ನೋಡಿದರೆ ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ಬಾಗಿಲಿನ ಅಗಲದಷ್ಟು ಸಮುದ್ರ ಕಾಣುತ್ತದೆ. ಶುಕ್ರವಾರದ ಸಂಜೆ. ಮಗ್‌ರಿಬ್ ಆಜಾನ್ ಆಗಷ್ಟೇ ಮುಗಿದಿತ್ತು. ಮಂಗಫ್‌ನಿಂದ ಮಂಗಳೂರಿನ ದಂಪತಿ, ಮಹಬೂಲಾದಿಂದ ಕಾಸರಗೋಡಿನ ಗೆಳೆಯ ಬಂದಿದ್ದರು. ಒಳಕೋಣೆಯಲ್ಲಿ ಆರು ತಿಂಗಳ ಮಗಳು ಮಲಗಿದ್ದಳು.

ಒಂದೊಂದನ್ನೂ ರುಚಿ ನೋಡಿ, ಅನ್ನಿಸಿದ್ದನ್ನು ಬರೆದು ಅಂಕ ಕೊಡುವುದು ಆಟ. ನಿಯಮ ಎರಡೇ. ಎಲ್ಲರೂ ಬರೆದು ಮುಗಿಸುವ ತನಕ ಯಾರೂ ಮಾತಾಡಬಾರದು. ಬರೆಯುವುದು ಕನ್ನಡದಲ್ಲೇ ಆಗಬೇಕು, ‘ಚೆನ್ನಾಗಿದೆ’ ಎಂದು ಮಾತ್ರ ಬರೆಯುವ ಹಾಗಿಲ್ಲ.

ಬಾಟಲಿಗಳಲ್ಲಿದ್ದದ್ದು ಜಮೈಯಾದ, ಅಂದರೆ ಇಲ್ಲಿನ ಸಹಕಾರಿ ಅಂಗಡಿಯ, ಕಪಾಟಿನಿಂದ ತಂದ ಬಾರ್ಲಿಯ ಪಾನೀಯ. ಕೆಲವು ಬಿಯರ್ ಮಾಡುವ ಹಾಗೆಯೇ ಮಾಡಿ ಮದ್ಯಸಾರ ತೆಗೆದವು, ಕೆಲವು ಮದ್ಯಸಾರ ಹುಟ್ಟಲು ಬಿಡದೇ ಮಾಡಿದವು. ಕುವೈತಿನಲ್ಲಿ ಮದ್ಯ ನಿಷಿದ್ಧ. ಮಾರುವಂತಿಲ್ಲ, ತರುವಂತಿಲ್ಲ, ಮಾಡುವಂತಿಲ್ಲ. ಇಲ್ಲಿ ಇದ್ದು ದುಡಿಯಲು ಬಂದವರು ಇಲ್ಲಿನ ಕಾನೂನನ್ನು ಮನೆಯ ಹೊಸ್ತಿಲಿನಂತೆ ಕಾಣಬೇಕು ಎನ್ನುವುದು ನನ್ನ ನಂಬಿಕೆ. ಅದರ ಬಗ್ಗೆ ನನಗೆ ಕೊರಗಿಲ್ಲ. ನನ್ನ ಕುತೂಹಲ ಬೇರೆ ಕಡೆಗಿತ್ತು. ಮದ್ಯಸಾರವನ್ನು ಪೂರ್ತಿ ಹೊರಗಿಟ್ಟ ಮೇಲೆ ಬಿಯರಿನಲ್ಲಿ ಏನು ಉಳಿಯುತ್ತದೆ?

ಕಪಾಟಿನ ಮುಂದೆ ನಿಂತು ಬಾಟಲಿಯ ಮೇಲಿನ ಅರಬಿ ಅಕ್ಷರಗಳನ್ನು ಕೂಡಿಸಿ ಓದಿದ್ದೆ. ‘ಶರಾಬ್ ಶಈರ್.’ ಒಂದು ಗಳಿಗೆ ಗಾಬರಿಯಾಯಿತು. ಕುವೈತಿನಲ್ಲಿ, ಸಹಕಾರಿ ಅಂಗಡಿಯಲ್ಲಿ, ಹಾಡುಹಗಲೇ ಶರಾಬೇ? ಪಕ್ಕದಲ್ಲಿದ್ದ ಈಜಿಪ್ಟಿನ ಹಿರಿಯರೊಬ್ಬರು ನನ್ನ ಮುಖ ನೋಡಿ ಬಿಡಿಸಿ ಹೇಳಿದರು. ಶರಾಬ್ ಎಂದರೆ ಕುಡಿಯುವಂಥದ್ದು, ಅಷ್ಟೇ. ಶಈರ್ ಎಂದರೆ ಬಾರ್ಲಿ. ‘ಕುಡಿ’ ಎಂಬ ಅದೇ ಧಾತುವಿನಿಂದ ಬಂದ ಎರಡು ಶಬ್ದಗಳು ಪರ್ಷಿಯಾ ದಾಟಿ ನಮ್ಮೂರಿಗೆ ಬಂದವು. ಒಂದು ಶರಬತ್ತಾಗಿ ರಾಮನವಮಿಯ ಬಿಸಿಲಲ್ಲಿ ತಣ್ಣಗೆ ಕೂತಿತು, ಇನ್ನೊಂದು ಶರಾಬಾಗಿ ಗಡಂಗು ಸೇರಿತು. ಆಲ್ಕೋಹಾಲ್ ಎನ್ನುವುದೂ ಅರಬಿಯಿಂದ ಹೊರಟ ಮಾತೇ. ‘ಅಲ್ ಕುಹ್ಲ್’ ಎಂದರೆ ಕಣ್ಣಿಗೆ ಹಚ್ಚುವ ಕಾಡಿಗೆಯ ನುಣ್ಣನೆಯ ಪುಡಿ. ನುಣ್ಣನೆಯ ಪುಡಿಯಿಂದ ‘ಸಾರ’ ಎಂಬ ಅರ್ಥ ಹುಟ್ಟಿ, ಅಲ್ಲಿಂದ ದ್ರಾಕ್ಷಾರಸದ ಸಾರಕ್ಕೆ ಹೆಸರು ಅಂಟಿಕೊಂಡಿತು. ಮಗಳ ಕೆನ್ನೆಗೆ ದಿನಾ ಇಡುವ ದೃಷ್ಟಿಬೊಟ್ಟಿಗೂ ಈ ಮಾತಿಗೂ ಇಂಥ ನಂಟಿದೆ ಎಂದು ಯಾರು ಎಣಿಸಿಯಾರು!

*

ಅಂಕ ಕೊಡುವ ಅಭ್ಯಾಸ ನನಗೆ ಬೆಂಗಳೂರಿನಿಂದ ಅಂಟಿಕೊಂಡದ್ದು. 2013ರ ಸುಮಾರಿಗೆ ಜೀವನಭೀಮಾನಗರದಲ್ಲಿ ರೂಮು ಮಾಡಿಕೊಂಡಿದ್ದೆ. ಊರಿನಲ್ಲಿ ಆಗ ಬ್ರೂಪಬ್‌ಗಳ ಕಾಲ ಶುರುವಾಗಿತ್ತು. ಇಂದಿರಾನಗರದ ನೂರಡಿ ರಸ್ತೆಯ ಟಾಯ್ಟ್, ವಿಠಲ್ ಮಲ್ಯ ರಸ್ತೆಯ ಬಿಯರ್ ಕ್ಲಬ್, ಮೆಗ್ರಾತ್ ರಸ್ತೆಯ ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್. ಬೆಂಗಳೂರಿಗೆ ಬಿಯರ್ ಹೊಸದೇನಲ್ಲ. ದಂಡುಪ್ರದೇಶದ ಸೋಲ್ಜರುಗಳಿಗಾಗಿ ಹತ್ತೊಂಬತ್ತನೇ ಶತಮಾನದಲ್ಲೇ ಭಟ್ಟಿಗಳಿದ್ದವು. ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು 1915ರಲ್ಲಿ ದಕ್ಷಿಣದ ಕೆಲವು ಬ್ರೂವರಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಹೊಸದಾದದ್ದು ಏನೆಂದರೆ, ಗಾಜಿನ ಆಚೆಗೆ ತಾಮ್ರದ, ಉಕ್ಕಿನ ಹಂಡೆಗಳು ಕಾಣುತ್ತಿದ್ದವು, ಅವುಗಳ ಹತ್ತಿರ ರಬ್ಬರ್ ಬೂಟು ಹಾಕಿಕೊಂಡ ಮನುಷ್ಯನೊಬ್ಬ ಮೆಟ್ಟಿಲು ಹತ್ತಿ ಇಣುಕುತ್ತಿದ್ದ. ಕುಡಿಯುವ ವಸ್ತು ಒಂದು ಧಾನ್ಯದಿಂದ, ಒಬ್ಬನ ಕೈಯಿಂದ ಬರುತ್ತದೆ ಎಂಬುದು ಮೊದಲ ಸಲ ಕಣ್ಣಿಗೆ ಬಿತ್ತು.

ಸಣ್ಣ ಸಣ್ಣ ಲೋಟಗಳಲ್ಲಿ ಆರು ಬಗೆ ತಂದಿಡುತ್ತಿದ್ದರು. ನಾನು ಒಂದು ನೋಟುಬುಕ್ಕು ಇಟ್ಟುಕೊಂಡೆ. ಅಮೆರಿಕದಲ್ಲಿ 1985ರಿಂದ ನಡೆದುಬಂದಿರುವ ಬಿಯರ್ ತೀರ್ಪುಗಾರರ ಪದ್ಧತಿಯೊಂದಿದೆ, ಒಟ್ಟು 50 ಅಂಕ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿ ತುಂಬುವ ಬಗೆಗೆ 5, ಒಟ್ಟು ಅನುಭವಕ್ಕೆ 10. ನೋಟಕ್ಕೆ ಬರೀ ಮೂರೇ ಅಂಕ ಇಟ್ಟವರ ಬಗ್ಗೆ ನನಗೆ ಮೊದಲ ದಿನವೇ ಗೌರವ ಬಂತು. ಈಗಿನ ಕಾಲದಲ್ಲಿ ಕಣ್ಣಿಗೆ ಇಷ್ಟು ಕಡಿಮೆ ಕೊಟ್ಟು ಮೂಗಿಗೆ ಅದರ ನಾಲ್ಕು ಪಟ್ಟು ಕೊಡುವ ಪರೀಕ್ಷೆ ಇನ್ನೆಲ್ಲಿದೆ?

ಆ ಪುಸ್ತಕದ ಮೊದಲ ಪುಟಗಳನ್ನು ಈಗ ತಿರುವಿದರೆ ಎಲ್ಲ ಇಂಗ್ಲಿಷ್. ಎಲ್ಲೋ ಓದಿದ ಶಬ್ದಗಳು. ನಾನು ಕಂಡೇ ಇರದ ಹಣ್ಣುಗಳು, ನಾನು ತಿಂದೇ ಇರದ ಬಿಸ್ಕತ್ತುಗಳು. ಹನ್ನೊಂದನೇ ಪುಟದಲ್ಲಿ ಮಾತ್ರ, ಗೋಧಿಯಿಂದ ಮಾಡಿದ ಮಬ್ಬು ಬಣ್ಣದ ವೈಸ್ ಬಿಯರಿನ ಎದುರು, ಕನ್ನಡದಲ್ಲಿ ಒಂದೇ ಸಾಲು ಇದೆ: ‘ಮಾಗಿದ ಏಲಕ್ಕಿ ಬಾಳೆ, ಪೂಜೆ ಮುಗಿದ ಮೇಲಿನ ದೇವರಮನೆ.’ ಆ ದಿನ ಲೋಟಕ್ಕೆ ಮೂಗಿಟ್ಟಾಗ ಯಾರೋ ಬಾಳೆಹಣ್ಣು ಕಿವುಚಿ ಹಾಕಿದ್ದಾರೆ ಎಂದೇ ಅನ್ನಿಸಿತ್ತು. ಪರಿಚಾರಕನನ್ನು ಕರೆದು ಕೇಳಿದೆ. ‘ಬಾಳೆಹಣ್ಣೇನೂ ಹಾಕಲ್ಲ ಸಾರ್, ಅದು ಯೀಸ್ಟ್ ಮಾಡೋ ಕೆಲಸ’ ಎಂದ.

ಅವನ ಮಾತು ಅಕ್ಷರಶಃ ನಿಜ. ಐಸೊಅಮೈಲ್ ಅಸಿಟೇಟ್ ಎಂಬ ಪುಟ್ಟ ಅಣು ಅದು. ಬಾಳೆ ಹಣ್ಣಾಗುವಾಗ ಅದನ್ನು ತಾನೇ ಕಟ್ಟುತ್ತದೆ. ಬಾಳೆತೋಟವನ್ನೇ ಕಂಡಿರದ ಯೀಸ್ಟ್ ಕತ್ತಲ ಹಂಡೆಯೊಳಗೆ ಸಕ್ಕರೆ ತಿನ್ನುತ್ತ ಕೂತು ಅದೇ ಅಣುವನ್ನು ಕಟ್ಟುತ್ತದೆ. ಬಾಳೆಯಂತಿರುವ ವಾಸನೆ ಎನ್ನುವ ಮಾತೇ ಇಲ್ಲ, ಅದು ಬಾಳೆಯದೇ ವಾಸನೆ. ಇನ್ನೂ ಸೋಜಿಗವೆಂದರೆ ಜೇನುಹುಳ ಕುಟುಕಿದಾಗ ಅದರ ಕೊಂಡಿಯ ಬುಡದಿಂದ ಹೊರಟು ಇಡೀ ಗೂಡನ್ನು ಕೆರಳಿಸುವ ಎಚ್ಚರಿಕೆಯ ಗಂಧದಲ್ಲೂ ಮುಖ್ಯವಾಗಿರುವುದು ಇದೇ ಅಣು ಎಂದು 1962ರಲ್ಲಿ ಕಂಡುಕೊಂಡರು. ಕುಣಿಗಲ್ ಕಡೆಯ ನಮ್ಮ ಹಳ್ಳಿಯಲ್ಲಿ ಜೇನು ಬಿಡಿಸಲು ಹೋದ ನಮ್ಮ ಚಿಕ್ಕಪ್ಪನಿಗೆ ಹಿಂದಿನಿಂದ ಹಿಂಡು ಎರಗಿದ ಮಧ್ಯಾಹ್ನ, ಅಜ್ಜಿ ದೇವರಿಗೆ ಏಲಕ್ಕಿ ಬಾಳೆ ಇಟ್ಟ ಮುಂಜಾವು, ನೂರಡಿ ರಸ್ತೆಯ ಆ ಗಾಜಿನ ಲೋಟ, ಮೂರೂ ಕಡೆ ಗಾಳಿಯಲ್ಲಿದ್ದದ್ದು ಒಂದೇ. ಜಗತ್ತು ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವ ಸಾಮಾನು ಸ್ವಲ್ಪವೇ. ಅದನ್ನೇ ತೆಗೆತೆಗೆದು ಬೇರೆ ಬೇರೆ ಮನೆಗೆ ಕೊಡುತ್ತದೆ.

ಅವತ್ತಿನಿಂದ ಕನ್ನಡದಲ್ಲೇ ಬರೆಯತೊಡಗಿದೆ. ಬರೆಯತೊಡಗಿದ ಮೇಲೆ ತಿಳಿದದ್ದು, ನಮ್ಮ ನಾಲಿಗೆಗೆ ಎಷ್ಟೊಂದು ಮಾತುಗಳಿವೆ ಎಂದು. ಕಮಟು, ಮುಗ್ಗು, ಹಳಸಲು, ಸೀಕಲು, ಕನರು, ಸಪ್ಪೆ, ಘಾಟು. ಡೆನ್ಮಾರ್ಕಿನ ಮಾರ್ಟನ್ ಮೈಲ್ಗಾರ್ಡ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಬಿಯರಿನ ರುಚಿಗಳನ್ನೆಲ್ಲ ಒಂದು ಚಕ್ರದಲ್ಲಿ ಜೋಡಿಸಿದ. ನೂರಕ್ಕೂ ಹೆಚ್ಚು ಹೆಸರುಗಳು ಅದರಲ್ಲಿವೆ. ಜಗತ್ತಿನ ಯಾವ ಮೂಲೆಯ ಬ್ರೂವರಿಯವರೂ ಒಂದೇ ದೋಷಕ್ಕೆ ಒಂದೇ ಹೆಸರು ಹೇಳಲಿ ಎಂಬ ಉದ್ದೇಶ. ದೊಡ್ಡ ಕೆಲಸ ಅದು, ಅದರ ಮುಂದೆ ನಾನು ಕೈಮುಗಿಯುತ್ತೇನೆ. ಆದರೆ ‘ಒಗರು’ ಎಂದೊಡನೆ ಎಳೆ ಬಾಳೆಕಾಯಿ, ನೇರಳೆ, ಅಡಿಕೆ ಮೂರೂ ಒಟ್ಟಿಗೆ ಬಂದು ನಾಲಿಗೆಯ ಬದಿಯನ್ನು ಹಿಂಡುವುದು ನಮಗೆ ಮಾತ್ರ. ಹೊರಗಿನ ಹೆಸರು ರುಚಿಯನ್ನು ಗುರುತಿಸುತ್ತದೆ, ಮನೆಯ ಹೆಸರು ರುಚಿಯನ್ನು ಕರೆದು ಕೂರಿಸುತ್ತದೆ.

*

ಫಿಂಟಾಸಿಗೆ ಮರಳುತ್ತೇನೆ. ಮೊದಲ ಬಾಟಲಿ ಬೇಗ ಮುಗಿಯಿತು. ಅದರಲ್ಲಿ ಹಣ್ಣಿನ ಪರಿಮಳ ಬೆರೆಸಿದ್ದು ಎಲ್ಲರಿಗೂ ಗೊತ್ತಾಯಿತು. ಎರಡನೆಯದು ತಣ್ಣಗಿತ್ತು, ಅದಕ್ಕಿಂತ ಹೆಚ್ಚು ಹೇಳುವುದಕ್ಕಿಲ್ಲ. ಮೂರನೆಯದನ್ನು ಸುರಿದಾಗ ನೊರೆ ಎದ್ದು ನಿಂತಿತು. ಮೂಗಿನ ಹತ್ತಿರ ತಂದೆ, ನನ್ನ ಕೈ ಅಲ್ಲೇ ನಿಂತಿತು.

ಅದು ನನಗೆ ಗೊತ್ತಿದ್ದ ವಾಸನೆ. ತುಂಬ ಹಳೆಯ ಗುರುತು, ಹೆಸರು ಮಾತ್ರ ಬಾರದು. ಲೋಟ ಕೆಳಗಿಟ್ಟೆ, ಎತ್ತಿದೆ, ಕಣ್ಣು ಮುಚ್ಚಿದೆ. ಹೊಗೆಯಲ್ಲ, ಬೆಲ್ಲವಲ್ಲ, ಬ್ರೆಡ್ಡೂ ಅಲ್ಲ. ಎದುರಿಗೆ ಕಾಸರಗೋಡಿನ ಗೆಳೆಯ ಆಗಲೇ ಬರೆದು ಕಾಗದ ಮಡಚಿದ್ದ. ಮಂಗಳೂರಿನ ಅಕ್ಕ ಪೆನ್ನು ಕಚ್ಚುತ್ತಿದ್ದರು. ನಾನು ಕಡೆಗೆ ಬರೆದದ್ದು ಇಷ್ಟು: ‘ಅಜ್ಜಿ, ಒಲೆ, ಹುರಿಯುವ ಬಾಣಲೆ, ಒದ್ದೆ ಬಟ್ಟೆ.’

ಕಾಗದಗಳನ್ನು ಬಿಚ್ಚಿದಾಗ ಗೆಳೆಯನದರಲ್ಲಿ ‘ಬೇಯಿಸಿದ ಆಲೂಗಡ್ಡೆ’ ಎಂದಿತ್ತು. ಅಕ್ಕ, ‘ಬತ್ತ ಬೇಯಿಸುವ ಹಂಡೆಯ ಮುಚ್ಚಳ ತೆಗೆದ ಹಾಗೆ ಉಂಟು ಮಾರಾಯ್ರೆ’ ಎಂದರು. ಅವರ ಯಜಮಾನರು ‘ಹಸಿ ಗಂಜಿ’ ಎಂದು ಬರೆದಿದ್ದರು. ನಾಲ್ಕು ಜನ, ನಾಲ್ಕು ಅಡುಗೆಮನೆ. ಆದರೆ ನಾಲ್ವರೂ ಧಾನ್ಯವನ್ನೋ ಗೆಡ್ಡೆಯನ್ನೋ ಬೇಯಿಸುವ, ಹುರಿಯುವ ಹೊತ್ತಿಗೇ ಹೋಗಿ ನಿಂತಿದ್ದೆವು. ಒಬ್ಬರೂ ಹೂವಿನ ಕಡೆ, ಹಣ್ಣಿನ ಕಡೆ ಹೋಗಿರಲಿಲ್ಲ.

ಇದಕ್ಕೆ ಕಾರಣವಿದೆ. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ಒಡೆದು, ಬಿಸಿನೀರಿನಲ್ಲಿ ನೆನೆಸಿ ಬಸಿದರೆ ಸಿಹಿಯಾದ ತಿಳಿ ಸಿಗುತ್ತದೆ. ಅದರಲ್ಲಿ ಧಾನ್ಯದ್ದೇ ಕೆಲವು ಆಲ್ಡಿಹೈಡ್‌ಗಳಿರುತ್ತವೆ. ಅವುಗಳಲ್ಲಿ ಮೆಥಿಯೊನಾಲ್ ಎಂಬುದರ ವಾಸನೆ ಬೆಂದ ಆಲೂಗಡ್ಡೆಯದೇ. ಬಿಯರ್ ಪೂರ್ತಿ ಹುದುಗಿದರೆ ಯೀಸ್ಟ್ ಈ ಅಣುಗಳನ್ನು ಬೇರೆಯಾಗಿ ಮಾರ್ಪಡಿಸಿಬಿಡುತ್ತದೆ, ಉಳಿದದ್ದನ್ನು ಮದ್ಯಸಾರ ಮೂಗಿಗೆ ಏಳದಂತೆ ಹಿಡಿದಿಟ್ಟುಕೊಳ್ಳುತ್ತದೆ. ಹುದುಗಲು ಬಿಡದ ಪಾನೀಯದಲ್ಲಿ ಆ ತಿಳಿಯ ಹಸಿತನ ಹಾಗೇ ನಿಲ್ಲುತ್ತದೆ. ಬಿಯರಿನ ತೀರ್ಪುಗಾರರು ಇದನ್ನು ದೋಷ ಎಂದು ಬರೆದು ಅಂಕ ಕಳೆಯುತ್ತಾರೆ.

ನಾನು ಕಳೆಯಲಾರದೆ ಹೋದೆ. ಬೆಂಗಳೂರಿನ ಅಷ್ಟೂ ಲೋಟಗಳಲ್ಲಿ ಯೀಸ್ಟಿನ ಕೈಚಳಕ, ಹಾಪ್ಸಿನ ಕಹಿ, ಮದ್ಯಸಾರದ ಬಿಸಿ ಇವುಗಳ ಹಿಂದೆ ಮರೆಯಾಗಿ ಕೂತಿದ್ದ ಧಾನ್ಯ, ಇಲ್ಲಿ ಮರಳುಗಾಡಿನಂಚಿನಲ್ಲಿ ಮೊದಲ ಸಲ ನೇರವಾಗಿ ಎದುರು ಬಂದು ಕೂತಿತ್ತು. ಬಿಯರಿನಿಂದ ಒಂದನ್ನು ತೆಗೆದರೆ ಏನು ಉಳಿಯುತ್ತದೆ ಎಂಬ ನನ್ನ ಪ್ರಶ್ನೆಗೆ ಉತ್ತರ ಮೂರನೇ ಲೋಟದಲ್ಲಿತ್ತು. ಉಳಿಯುವುದು ಮೊಳಕೆ.

ಹೆಂಡತಿ ಅಡುಗೆಮನೆಯಿಂದ ಇಣುಕಿ, ‘ನೀವು ಬರೆದಿರೋದು ರಾಗಿ ಸರಿ ವಾಸನೆ ಅಲ್ವಾ?’ ಎಂದಳು.

ಹೌದು, ರಾಗಿ ಸರಿ.

*

ಅಜ್ಜಿ ಮಾಡುತ್ತಿದ್ದದ್ದು ಹೀಗೆ. ಮೂರು ಪಾವು ರಾಗಿಯನ್ನು ಕಲ್ಲು ಕಸ ತೆಗೆದು, ನಾಲ್ಕು ನೀರಿನಲ್ಲಿ ತೊಳೆದು, ರಾತ್ರಿಯಿಡೀ ನೆನೆಹಾಕುವುದು. ಬೆಳಿಗ್ಗೆ ನೀರು ಬಸಿದು ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಮೂಲೆಯ ಗೂಟಕ್ಕೆ ನೇತುಹಾಕಿ, ಕೆಳಗೊಂದು ತಟ್ಟೆ ಇಡುವುದು. ಆಗಾಗ ಕೈಯಲ್ಲಿ ನೀರು ಚಿಮುಕಿಸುವುದು. ಎರಡು ದಿನಕ್ಕೆ ಗಂಟು ಉಬ್ಬಿ, ಬಟ್ಟೆಯ ನೂಲಿನ ಸಂದಿಯಿಂದಲೇ ಬಿಳಿ ಬೇರು ಇಣುಕುತ್ತಿತ್ತು. ಆಮೇಲೆ ನೆರಳಲ್ಲಿ ಹರವಿ, ಒಣಗಿದ ಮೇಲೆ ಉಜ್ಜಿ ಬೇರು ಉದುರಿಸಿ, ಕಬ್ಬಿಣದ ಬಾಣಲೆಯಲ್ಲಿ ಘಮ ಬರುವ ತನಕ ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ ಹಿಟ್ಟು ತೆಗೆಯುವುದು. ನಮ್ಮ ಮನೆಯ ಎಲ್ಲ ಮಕ್ಕಳ ಮೊದಲ ಊಟ ಅದು. ನನ್ನದೂ ಅದೇ ಆಗಿತ್ತಂತೆ.

ಬಾರ್ಲಿಯ ಬದಲು ರಾಗಿ, ಬ್ರೂವರಿಯ ಬದಲು ಅಡುಗೆಮನೆಯ ಮೂಲೆ ಅಂದುಕೊಂಡರೆ, ಮೊದಲ ನಾಲ್ಕೈದು ದಿನ ಬಿಯರಿಗೂ ಕೂಸಿನ ಗಂಜಿಗೂ ಒಂದೇ ದಾರಿ. ನೆನೆಸು, ಮೊಳೆಯಿಸು, ಒಣಗಿಸು, ಹುರಿ. ಆಮೇಲಷ್ಟೇ ದಾರಿ ಕವಲಾಗುತ್ತದೆ. ಒಂದು ತೊಟ್ಟಿಲಿಗೆ ಹೋಗುತ್ತದೆ, ಇನ್ನೊಂದು ಹಂಡೆಗೆ. ‘ಮಾಲ್ಟ್’ ಎಂಬ ಮಾತನ್ನು ನಾವು ರಾಗಿ ಮಾಲ್ಟ್ ಎಂದು ಹೋಟೆಲಿನಲ್ಲಿ, ಆಸ್ಪತ್ರೆಯಲ್ಲಿ, ಶಾಲೆಯಲ್ಲಿ ಎಷ್ಟು ಸಲ ಹೇಳಿಲ್ಲ! ಅದು ಮೊಳಕೆಯ ಹೆಸರು ಎಂದು ನಾನು ನಿಂತು ಯೋಚಿಸಿಯೇ ಇರಲಿಲ್ಲ.

ಒಂದು ರಾಗಿ ಕಾಳಿನೊಳಗೆ ನಡೆಯುವುದನ್ನು ತಿಳಿದ ಮೇಲೆ ನನಗೆ ಗಂಟು ಬಿಚ್ಚುವಾಗೆಲ್ಲ ಕೈ ನಿಧಾನವಾಗುತ್ತದೆ. ಒಣ ಕಾಳೆಂದರೆ ಬಾಗಿಲು ಹಾಕಿದ ಕಣಜ. ಒಳಗೆ ಗಟ್ಟಿ ಪಿಷ್ಟ, ಒಂದು ಮೂಲೆಯಲ್ಲಿ ಮಲಗಿದ ಭ್ರೂಣ. ನೀರು ಒಳಗಿಳಿದೊಡನೆ ಭ್ರೂಣ ಎಚ್ಚೆತ್ತು ಗಿಬ್ಬರೆಲಿನ್ ಎಂಬ ಹಾರ್ಮೋನನ್ನು ಹೊರಕಳಿಸುತ್ತದೆ. ಅದು ಕಾಳಿನ ಸಿಪ್ಪೆಯ ಕೆಳಗಿನ ತೆಳು ಪದರವನ್ನು ಮುಟ್ಟುತ್ತದೆ. ಆ ಪದರ ಅಮೈಲೇಸ್ ಎಂಬ ಕಿಣ್ವವನ್ನು ಕಟ್ಟಿ ಪಿಷ್ಟದ ಗೋಡೆಗೆ ಬಿಡುತ್ತದೆ. ಗೋಡೆ ಕರಗಿ ಸಕ್ಕರೆಯಾಗುತ್ತದೆ. ಆ ಸಕ್ಕರೆಗೂ ಹೆಸರು ಮಾಲ್ಟೋಸ್. ಕಾಳು ಇಷ್ಟೆಲ್ಲ ಮಾಡುವುದು ತನ್ನ ಕೂಸಿಗೆ ಉಣಿಸಲು. ನಾವು ಮಧ್ಯೆ ಕೈಹಾಕಿ, ಒಣಗಿಸಿ, ಆ ಊಟವನ್ನು ನಮ್ಮ ಕೂಸಿನ ಕಡೆಗೆ ತಿರುಗಿಸಿಕೊಂಡಿದ್ದೇವೆ.

ಮೈಸೂರಿನ ಸಿಎಫ್‌ಟಿಆರ್‌ಐ, 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ, ಮೊಳಕೆ ರಾಗಿಯ ಮೇಲೆ ಬಹಳ ಕೆಲಸ ಮಾಡಿದೆ. ಕಿರುಧಾನ್ಯಗಳಲ್ಲಿ ಮೊಳಕೆ ಬರಿಸಲು ರಾಗಿ ತುಂಬ ಒಳ್ಳೆಯದು, ಅದರಲ್ಲಿ ಅಮೈಲೇಸ್ ಚೆನ್ನಾಗಿ ಹುಟ್ಟುತ್ತದೆ. ಮೊಳಕೆ ಹಿಟ್ಟಿನ ಗಂಜಿ ಗಟ್ಟಿಯಾಗಿ ಅಂಟುವುದಿಲ್ಲ, ತೆಳ್ಳಗೆ ಹರಿಯುತ್ತದೆ. ಹಾಗಾಗಿ ಪುಟ್ಟ ಹೊಟ್ಟೆಗೆ ಕಡಿಮೆ ನೀರಿನಲ್ಲಿ ಹೆಚ್ಚು ಕಸುವು ಇಳಿಯುತ್ತದೆ. ಅಜ್ಜಿಗೆ ಅಮೈಲೇಸ್ ಗೊತ್ತಿರಲಿಲ್ಲ. ‘ಮೊಳಕೆ ಹಿಟ್ಟಾದರೆ ಮಗೂಗೆ ಹಗುರ’ ಎನ್ನುತ್ತಿದ್ದಳು. ಆ ‘ಹಗುರ’ ಎಂಬ ಒಂದು ಮಾತಿನಲ್ಲಿ ಗಂಜಿಯ ಹರಿವೂ ಇತ್ತು, ಹೊಟ್ಟೆಯ ನೆಮ್ಮದಿಯೂ ಇತ್ತು.

*

ನಾಲ್ಕನೇ ಬಾಟಲಿ ಕಹಿಯಾಗಿತ್ತು, ಮುದ ಕೊಡುವ ಕಹಿ. ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಕುದಿಸಿದಾಗ ಬರುವ ಕಹಿ ಅದು. ಮನುಷ್ಯರಿಗೆ ಕಹಿಯನ್ನು ಹಿಡಿಯಲು ಇಪ್ಪತ್ತೈದರಷ್ಟು ಬಗೆಯ ಗ್ರಾಹಕಗಳಿವೆ, ಸಿಹಿಗೆ ಒಂದೇ ಜೋಡಿ. ವಿಷ ಬಹುಪಾಲು ಕಹಿಯಾದ್ದರಿಂದ ನಾಲಿಗೆ ಅಷ್ಟೊಂದು ಕಾವಲಿಟ್ಟಿದೆ. ಹುಟ್ಟಿದ ಕೂಸು ಸಿಹಿಗೆ ತುಟಿ ಚಾಚುತ್ತದೆ, ಕಹಿಗೆ ಮುಖ ಹಿಂಡುತ್ತದೆ, ಯಾರೂ ಕಲಿಸಬೇಕಿಲ್ಲ. ಅಂಥ ಕಾವಲನ್ನು ದಾಟಿ ಕಾಫಿ, ಹಾಗಲಕಾಯಿ, ಮೆಂತ್ಯ, ಯುಗಾದಿಯ ಬೇವು ಇವನ್ನೆಲ್ಲ ಮನುಷ್ಯ ಕೇಳಿ ಕೇಳಿ ತಿನ್ನುವ ಹಾಗಾದದ್ದು ಹೇಗೆ? ಯಾರೋ ಹಿರಿಯರು ಎದುರು ಕೂತು ತಿಂದು ತೋರಿಸಿರಬೇಕು. ಕಹಿಯನ್ನು ಒಬ್ಬರೇ ಕಲಿಯಲಾಗದು, ಅದಕ್ಕೆ ಜೊತೆ ಬೇಕು.

ಜೊತೆಯ ಮಾತು ಬಂದದ್ದರಿಂದ ಫೈಲಕಾ ದ್ವೀಪದ ಬಗ್ಗೆ ಹೇಳಲೇಬೇಕು.

ಕುವೈತ್ ನಗರದ ತೀರದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ, ಕೊಲ್ಲಿಯ ಬಾಯಲ್ಲಿ ಇರುವ ಚಪ್ಪಟೆ ದ್ವೀಪ ಅದು. ಕಳೆದ ಚಳಿಗಾಲದಲ್ಲಿ ದೋಣಿಯಲ್ಲಿ ಹೋಗಿದ್ದೆವು. 1990ರ ಆಕ್ರಮಣದಲ್ಲಿ ಜನ ಬಿಟ್ಟುಹೋದ ಮನೆಗಳು ಗುಂಡಿನ ತೂತುಗಳ ಸಮೇತ ಇನ್ನೂ ನಿಂತಿವೆ. ಅವುಗಳಾಚೆ, ದ್ವೀಪದ ಪಡುವಣ ತುದಿಯಲ್ಲಿ, ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ದಿಲ್ಮುನ್ ಜನರ ಊರಿನ ಅಡಿಪಾಯವಿದೆ. ಡೆನ್ಮಾರ್ಕಿನ ಪುರಾತತ್ವ ತಂಡ 1958ರಲ್ಲಿ ಅಲ್ಲಿ ಅಗೆಯಲು ಶುರುಮಾಡಿತು. ಸಿಕ್ಕಿದ್ದರಲ್ಲಿ ಮುದ್ರೆಗಳೂ ಇದ್ದವು. ರೂಪಾಯಿಯಗಲದ ದುಂಡು ಕಲ್ಲಿನ ಮುದ್ರೆಗಳು, ನೂರಾರು. ಪೌಲ್ ಕ್ಯಾರುಮ್ ಎಂಬ ವಿದ್ವಾಂಸ ಅವನ್ನೆಲ್ಲ ಸೇರಿಸಿ 1983ರಲ್ಲಿ ಗ್ರಂಥವಾಗಿ ಪ್ರಕಟಿಸಿದ.

ಆ ಮುದ್ರೆಗಳ ಚಿತ್ರ ನೋಡುತ್ತ ಹೋದರೆ ಒಂದು ದೃಶ್ಯ ಮತ್ತೆ ಮತ್ತೆ ಬರುತ್ತದೆ. ನಡುವೆ ಒಂದು ಮಡಕೆ. ಎರಡು ಕಡೆ ಇಬ್ಬರು ಎದುರುಬದುರು ಕೂತಿದ್ದಾರೆ. ಮಡಕೆಯಿಂದ ಎರಡು ಉದ್ದನೆಯ ಕೊಳವೆಗಳು ಎದ್ದು ಇಬ್ಬರ ಬಾಯಿಗೂ ತಲುಪಿವೆ. ವಿದ್ವಾಂಸರು ಇದನ್ನು ಬಿಯರ್ ಕುಡಿಯುವ ಚಿತ್ರವೆಂದು ಓದುತ್ತಾರೆ. ಪಕ್ಕದ ಮೆಸಪೊಟೇಮಿಯಾದಲ್ಲೂ ಹೀಗೇ ಕೊಳವೆ ಹಾಕಿ ಹೀರುತ್ತಿದ್ದರು, ಏಕೆಂದರೆ ಆಗಿನ ಬಿಯರ್ ಸೋಸಿದ್ದಲ್ಲ, ಮೇಲೆ ಹೊಟ್ಟು ತೇಲುತ್ತಿತ್ತು. ಅಲ್ಲಿ ಬಿಯರಿಗೆ ನಿಂಕಾಸಿ ಎಂಬ ದೇವತೆಯೇ ಇದ್ದಳು. ಅವಳನ್ನು ಕುರಿತ ಸುಮೇರಿಯನ್ ಸ್ತೋತ್ರವೊಂದು ಕ್ರಿಸ್ತಪೂರ್ವ 1800ರ ಸುಮಾರಿನ ಮಣ್ಣಿನ ಹಲಗೆಗಳಲ್ಲಿ ಉಳಿದಿದೆ. ಅದು ಸ್ತುತಿಯೂ ಹೌದು, ಮೊಳಕೆಯಿಂದ ಬಸಿಯುವವರೆಗಿನ ಕೆಲಸದ ವಿವರವೂ ಹೌದು. 1989ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಆಂಕರ್ ಬ್ರೂವಿಂಗ್‌ನವರು ಅದನ್ನೇ ಓದಿಕೊಂಡು ಒಂದು ಬಿಯರ್ ಮಾಡಿ ಅದಕ್ಕೆ ನಿಂಕಾಸಿ ಎಂದೇ ಹೆಸರಿಟ್ಟರು.

ಆ ಮುದ್ರೆಗಳನ್ನು ಕೆತ್ತಿದ ಕಲ್ಲು ಯಾವುದು ಗೊತ್ತೆ? ಬಳಪದ ಕಲ್ಲು. ಬೇಲೂರಿನಲ್ಲಿ 1117ರಲ್ಲಿ ಹೊಯ್ಸಳರ ಶಿಲ್ಪಿಗಳ ಉಳಿಗೆ ಬೆಣ್ಣೆಯಂತೆ ಒದಗಿದ ಕಲ್ಲಿನ ಜಾತಿ. ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ನಾನು ಅ ಆ ತಿದ್ದಿದ ಬಳಪದ ಜಾತಿ. ಆಗಷ್ಟೇ ಕೆತ್ತಿದಾಗ ಮೆದು, ಗಾಳಿ ಬಿಸಿಲಿಗೆ ಬಿದ್ದು ಗಟ್ಟಿ. ಬೇಲೂರಿನಲ್ಲಿ ಅದರಿಂದ ಮದನಿಕೆಯರನ್ನು ಮಾಡಿದರು, ಫೈಲಕಾದಲ್ಲಿ ಒಬ್ಬ ವ್ಯಾಪಾರಿ ತನ್ನ ಗುರುತಿಗೆ ಇಬ್ಬರು ಗೆಳೆಯರನ್ನು ಒಂದು ಮಡಕೆಯ ಎರಡು ಬದಿಗೆ ಕೂರಿಸಿಕೊಂಡ. ಸರಕಿನ ಮೇಲೆ ಅವನು ಒತ್ತುತ್ತಿದ್ದ ಮೊಹರು ಅದು. ಸಿಂಧೂ ಕಣಿವೆಯ ತೂಕದ ಕಲ್ಲುಗಳನ್ನು ಬಳಸುತ್ತಿದ್ದ, ನಮ್ಮ ಕಡಲಿನತ್ತ ಹಡಗು ಬಿಡುತ್ತಿದ್ದ ಜನ ಅವರು. ‘ನಾನು ಇಂಥವನು’ ಎಂದು ಜಗತ್ತಿಗೆ ಹೇಳಲು ಆ ಮನುಷ್ಯ ಕತ್ತಿಯನ್ನೂ ಕಿರೀಟವನ್ನೂ ಬಿಟ್ಟು ಹಂಚಿಕೊಂಡ ಮಡಕೆಯೊಂದನ್ನು ಆರಿಸಿದ್ದು ನನ್ನನ್ನು ಎಷ್ಟೋ ರಾತ್ರಿ ಎಚ್ಚರವಿಟ್ಟಿದೆ.

ಆ ಮಡಕೆಯ ರುಚಿ ಹೇಗಿತ್ತೋ. ಉಪ್ಪು ನೆಲದ ಬಾವಿಯ ನೀರು, ಬಾರ್ಲಿ, ಬಹುಶಃ ಖರ್ಜೂರ. ಎದುರಿಗೆ ಕೂತವನು ಕೊಳವೆಯಿಂದ ಬಾಯಿ ತೆಗೆದು ಏನೋ ಒಂದು ಮಾತು ಹೇಳಿರುತ್ತಾನೆ. ಹೋದ ಸಲದ್ದೇ ಚೆನ್ನಾಗಿತ್ತು ಎಂದೋ, ಈ ಸಲ ಹದ ಬಂದಿದೆ ಎಂದೋ. ಅಂಕ ಕೊಡುವ ಕೆಲಸ ಅಲ್ಲಿಂದಲೇ ಶುರುವಾಗಿರಬೇಕು.

*

ಐದನೇ ಬಾಟಲಿಯಿಂದ ಸುರಿದದ್ದಕ್ಕೆ ಬಣ್ಣವಿರಲಿಲ್ಲ, ನೊರೆಯಿರಲಿಲ್ಲ, ವಾಸನೆಯೂ ಇರಲಿಲ್ಲ. ಹೆಂಡತಿ ನೀರು ತುಂಬಿಟ್ಟಿದ್ದಳು, ನಲ್ಲಿ ನೀರು. ‘ಇದಕ್ಕೂ ಬರೀರಿ’ ಎಂದಳು. ಯಾರೂ ನಗಲಿಲ್ಲ. ನಾಲ್ಕೂ ಜನ ಲೋಟ ಎತ್ತಿ ಅಷ್ಟೇ ಗಮನವಿಟ್ಟು ಕುಡಿದೆವು.

ಬಿಯರಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ. ಬೊಹೀಮಿಯಾದ ಪಿಲ್ಸೆನ್ ಊರಿನ ಮೆದು ನೀರಿನಿಂದಲೇ 1842ರಲ್ಲಿ ಹೊಂಬಣ್ಣದ ಪಿಲ್ಸ್‌ನರ್ ಸಾಧ್ಯವಾಯಿತು. ಇಂಗ್ಲೆಂಡಿನ ಬರ್ಟನ್ ಊರಿನ ಜಿಪ್ಸಮ್ ನೀರಿನಿಂದ ಅಲ್ಲಿನ ಕಹಿ ಏಲ್‌ಗೆ ಹೆಸರು ಬಂತು. ಇಲ್ಲಿನ ನೀರಿನ ಕಥೆ ಬೇರೆಯೇ. ಫಿಂಟಾಸ್ ಹಿಂದೆ ಬಾವಿಗಳಿದ್ದ, ತರಕಾರಿ ಬೆಳೆಯುತ್ತಿದ್ದ, ಮೀನು ಹಿಡಿಯುತ್ತಿದ್ದ ಸಣ್ಣ ಹಳ್ಳಿ. ಕುವೈತ್ ಪಟ್ಟಣಕ್ಕೆ ಕುಡಿಯುವ ನೀರು ಶತ್ ಅಲ್ ಅರಬ್ ನದಿಯಿಂದ ಮರದ ಹಡಗುಗಳಲ್ಲಿ ಬರುತ್ತಿತ್ತು. 1953ರಲ್ಲಿ ಶುವೈಖ್‌ನಲ್ಲಿ ದಿನಕ್ಕೆ ಹತ್ತು ಲಕ್ಷ ಗ್ಯಾಲನ್ ಸಮುದ್ರದ ನೀರನ್ನು ಸಿಹಿಯಾಗಿಸುವ ಸ್ಥಾವರ ನಡೆಯತೊಡಗಿತು. ಈಗ ನಲ್ಲಿಯಲ್ಲಿ ಬರುವುದು ಬಹುಪಾಲು ಸಮುದ್ರವೇ. ಬರೀ ಆವಿಯಿಂದ ಇಳಿಸಿದ ನೀರಿಗೆ ಸಪ್ಪೆ ಸಪ್ಪೆ ರುಚಿ. ಅದಕ್ಕೆ ನೆಲದಾಳದ ಸವುಳು ನೀರನ್ನು ಸ್ವಲ್ಪ ಬೆರೆಸಿ, ಬೇಕಾದ ಖನಿಜ ಕೊಟ್ಟು, ಆಮೇಲೆ ಮನೆಗಳಿಗೆ ಬಿಡುತ್ತಾರೆ. ಅಂದರೆ ಈ ಊರಿನಲ್ಲಿ ನೀರಿಗೂ ಒಗ್ಗರಣೆಯಿದೆ.

ಮಂಗಳೂರಿನ ಅಕ್ಕ ಐದನೆಯದರ ಎದುರು ‘ತವರಿನ ಬಾವಿಯದಲ್ಲ’ ಎಂದು ಬರೆದಿದ್ದರು. ಅಂಕದ ಜಾಗದಲ್ಲಿ ಐವತ್ತಕ್ಕೆ ನಲವತ್ತು. ಸಂಜೆಯ ಎಲ್ಲ ಬಾಟಲಿಗಳಿಗಿಂತ ಹೆಚ್ಚು.

*

ಅವರೆಲ್ಲ ಹೋದ ಮೇಲೆ ಭಾರತೀಯ ಅಂಗಡಿಯಿಂದ ತಂದಿದ್ದ ರಾಗಿಯನ್ನು ಅದೇ ನಲ್ಲಿಯ ನೀರಿನಲ್ಲಿ ತೊಳೆದು ನೆನೆಹಾಕಿದೆ. ಮಗಳಿಗೆ ಆರು ತಿಂಗಳು ತುಂಬಿತ್ತು. ಬೆಳಿಗ್ಗೆ ನನ್ನ ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಅಡುಗೆಮನೆಯ ಕಪಾಟಿನ ಹಿಡಿಗೆ ತೂಗುಹಾಕಿದೆ. ಜೂನ್ ತಿಂಗಳು. ಹೊರಗೆ ನಲವತ್ತಾರು ಡಿಗ್ರಿ, ಒಲೆಯ ಮಗ್ಗುಲಲ್ಲಿ ಒಳಗೂ ಸೆಕೆ. ಗಂಟೆಗೊಮ್ಮೆ ನೀರು ಚಿಮುಕಿಸಿದೆ. ಮಾಲ್ಟ್ ಮಾಡುವ ಯುರೋಪಿನ ಕೆಲಸಗಾರರು ಹಸಿ ಮೊಳಕೆಯ ಹದವನ್ನು ಮೂಗಿನಿಂದಲೇ ಹಿಡಿಯುತ್ತಾರೆ, ಸೌತೆಕಾಯಿಯ ವಾಸನೆ ಬರಬೇಕು ಎನ್ನುತ್ತಾರೆ ಎಂದು ಎಲ್ಲೋ ಓದಿದ್ದೆ. ಅದು ಬಾರ್ಲಿಯ ಮಾತು, ರಾಗಿಗೆ ಹೇಗೋ ಎಂದು ಅಷ್ಟಕ್ಕೇ ಬಿಟ್ಟಿದ್ದೆ.

ಶನಿವಾರ ರಾತ್ರಿಯೇ ಗಂಟು ಬಿಗಿಯಾಗಿತ್ತು. ಭಾನುವಾರ ನಸುಕಿನಲ್ಲಿ ಬಿಚ್ಚಿದರೆ ಒಳಗೆಲ್ಲ ಬಿಳಿ ಬೇರು, ಒಂದಕ್ಕೊಂದು ಹೆಣೆದು ಬಟ್ಟೆಯ ಆಕಾರವನ್ನೇ ಹಿಡಿದು ಕೂತಿದ್ದವು. ಅಜ್ಜಿಗೆ ಎರಡು ದಿನ ಹಿಡಿಯುತ್ತಿದ್ದುದು ಇಲ್ಲಿ ಒಂದೇ ದಿನಕ್ಕೆ ಆಗಿಹೋಗಿತ್ತೆ? ಇದು ಸರಿಯಾದದ್ದೋ, ಮೀರಿದ್ದೋ ತಿಳಿಯದೆ ಊರಿಗೆ ಫೋನು ಮಾಡಿದೆ. ಅಲ್ಲಿ ಆಗಲೇ ಬೆಳಗಾಗಿತ್ತು. ಹಿಂದಿನಿಂದ ಹಸುವಿನ ಕೊರಳ ಗಂಟೆ ಕೇಳುತ್ತಿತ್ತು.

ಅಮ್ಮ ಬೇರಿನ ಉದ್ದ ಕೇಳಲಿಲ್ಲ. ವಿಡಿಯೋ ತೋರಿಸಲೇ ಎಂದೆ, ಬೇಡ ಎಂದಳು.

‘ಮೂಗಿಗೆ ಹಿಡಿದು ನೋಡು. ವಾಸನೆ ಹ್ಯಾಗಿದೆ ಹೇಳು.’

ಎರಡು ಕೈಯಲ್ಲಿ ಗಂಟು ಎತ್ತಿ ಮುಖ ಹುದುಗಿಸಿದೆ. ತಣ್ಣಗಿತ್ತು. ಮಾತಿಗೆ ಹುಡುಕಬೇಕಾಗಿ ಬರಲಿಲ್ಲ.

‘ಎಳೇ ಸೌತೆಕಾಯಿ ಹೆಚ್ಚಿದ ಹಾಗಿದೆ ಅಮ್ಮ.’

‘ಹಂಗಾದ್ರೆ ಆಯ್ತು. ಈಗ್ಲೇ ಹರವಿಬಿಡು, ನೆರಳಲ್ಲಿ. ಇನ್ನೊಂದು ಹೊತ್ತು ಬಿಟ್ರೆ ಕಹಿ ಬರುತ್ತೆ.’

ಬಾಲ್ಕನಿಯಲ್ಲಿ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಬಿಳಿ ಬಟ್ಟೆ ಹಾಸಿ, ಹೆಣೆದ ಬೇರುಗಳನ್ನು ಬೆರಳಿನಿಂದ ಬಿಡಿಸುತ್ತ ಹರವತೊಡಗಿದೆ.